ನೂರ ಹದಿನಾಲ್ಕು ಮಂದಿಯ ಸಂಬಂಧಿಕ

ಏಳು ತಿಂಗಳ ಕಾಲ ನಾನು ನೂರ ಹದಿನಾಲ್ಕು ಮಂದಿಯ ಸಂಬಂಧಿಕನಾಗಿದ್ದೆ. ಅವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ನನಗೂ ಮರೆತುಹೋಗಿತ್ತು. ಹಾಗೆ ಮರೆತದ್ದರಿಂದ ಒಬ್ಬ ಮನುಷ್ಯ ಎರಡು ದಿನ ಆಸ್ಪತ್ರೆಯ ಮಂಚದ ಮೇಲೆ ಬಾಗಿಲು ನೋಡುತ್ತಾ ಮಲಗಿದ್ದ. ಮರೆವು ಮಾತ್ರ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನೆನಪಾದ ಮೇಲೆ ನಾನು ಮಾಡಿದ ಕೆಲಸಕ್ಕಾಗಿ ಬರೆಯುತ್ತಿದ್ದೇನೆ.

ನನಗೆ ಅರವತ್ತಮೂರು. ಕತಾರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹಮದ್ ಬಂದರಿನ ಹತ್ತಿರ ಒಂದು ಗೋದಾಮು ಕಂಪನಿಯಲ್ಲಿ ಸೂಪರ್‌ವೈಸರ್. ಕಂಟೇನರಿನಿಂದ ಸರಕು ಇಳಿಸುವವರು, ಫೋರ್ಕ್‌ಲಿಫ್ಟ್ ಓಡಿಸುವವರು, ಲೆಕ್ಕ ಬರೆಯುವವರು ಎಲ್ಲ ನನ್ನ ಕೆಳಗೆ. ದೋಹಾದ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿ ನಾನು ಮತ್ತು ಹೆಂಡತಿ ಇದ್ದೇವೆ. ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ, ಐದು ಇಪ್ಪತ್ತಕ್ಕೆ ಕಾರು ತೆಗೆಯುತ್ತೇನೆ, ಆರು ಗಂಟೆಗೆ ನನ್ನ ಮೇಜಿನ ಮೇಲೆ ಆ ದಿನದ ಹಾಳೆ ಇರುತ್ತದೆ. ಆಫೀಸಿಗೆ ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಫೋನ್ ಆಫ್. ಈ ನಿಯಮವನ್ನು ಹದಿನೈದು ವರ್ಷ ಮುರಿದಿರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇತ್ತು.

ನಾನು ಓದಿದ್ದು ಕರಾವಳಿಯ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಏಳಲು ಗಂಟೆ, ಮೀಯಲು ಗಂಟೆ, ಉಣ್ಣಲು ಗಂಟೆ. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದರೆ ಅಂಗೈಗೆ ಒಂದು ಏಟು, ಖಾಲಿ ಬಿಟ್ಟರೆ ಎರಡು. ಗೊತ್ತಿಲ್ಲದಿದ್ದರೂ ಏನಾದರೂ ಬರೆ, ಖಾಲಿ ಬಿಡುವುದು ಸೋಮಾರಿತನ ಎಂದು ವಾರ್ಡನ್ ಹೇಳುತ್ತಿದ್ದರು. ನಾನು ಅದನ್ನು ಚೆನ್ನಾಗಿ ಕಲಿತೆ. ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಕೈಯಿಂದ ಹೋದ ಯಾವ ಹಾಳೆಯಲ್ಲಿಯೂ ತುಂಬದೆ ಬಿಟ್ಟ ಚೌಕ, ಒಂದೇ ಒಂದು ಖಾಲಿ ಮನೆ ಇರಲಿಲ್ಲ. ಹೊಸ ಮ್ಯಾನೇಜರುಗಳಿಗೆ ಅದನ್ನು ತೋರಿಸುತ್ತಿದ್ದೆ.

ಕಳೆದ ವರ್ಷ ಕಂಪನಿಯವರು ನೌಕರರ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವುದೆಂದು ನಿರ್ಧರಿಸಿದರು. ಪ್ರೋಗ್ರಾಮ್ ಬರೆಯಲು ಒಬ್ಬ ಹುಡುಗಿಯನ್ನು ನೇಮಿಸಿದರು. ಪುತ್ತೂರು ಕಡೆಯ ಬ್ಯಾರಿ ಮನೆತನದವಳು, ಆದರೆ ಹುಟ್ಟಿದ್ದು ಬೆಳೆದದ್ದು ದೋಹಾದಲ್ಲೇ. ಕನ್ನಡ ಓದಲು ಬಾರದು, ಅಜ್ಜಿಯಿಂದ ಕಲಿತ ಮಾತು ಮಾತ್ರ ಚೆನ್ನಾಗಿ ಬರುತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಸರ್ ಎನ್ನುವವಳು ನನಗೆ ಮಾತ್ರ ಮೊದಲ ದಿನದಿಂದಲೇ ಅಂಕಲ್ ಎಂದಳು. ನೌಕರರ ವಿಷಯ ನನಗೆ ಗೊತ್ತಿರುವುದರಿಂದ ಅವಳ ಪಕ್ಕ ಕುಳಿತು ಏನೇನು ಬೇಕು ಎಂದು ಹೇಳುವ ಕೆಲಸ ನನ್ನದಾಯಿತು.

ಮೊದಲ ದಿನ ಅವಳು ಪರದೆಯಲ್ಲಿ ಹತ್ತು ಹನ್ನೆರಡು ಸಾಲು ತೋರಿಸಿದಳು.

"ಇದು ಡೇಟಾ ಕ್ಲಾಸ್ ಅಂಕಲ್. ಅಚ್ಚು ಅಂತ ತಿಳ್ಕೊಳ್ಳಿ. ಒಬ್ಬೊಬ್ಬ ನೌಕರನ ಕಾರ್ಡೂ ಈ ಅಚ್ಚಿನಿಂದಲೇ ಬರ್ತದೆ. ಹೆಸರು, ನಂಬರ್, ಪಾಳಿ, ವಾರದ ರಜೆ, ಎಲ್ಲ ಒಂದೊಂದು ಸಾಲು."

ಕೆಲವು ಸಾಲುಗಳ ಕೊನೆಯಲ್ಲಿ ಸಮ ಚಿಹ್ನೆ ಹಾಕಿ ಏನೋ ಬರೆದಿತ್ತು. ಪಾಳಿಯ ಮುಂದೆ ಹಗಲು. ವಾರದ ರಜೆಯ ಮುಂದೆ ಶುಕ್ರವಾರ.

"ಇದು ಯಾಕೆ?"

"ಅದು ಡಿಫಾಲ್ಟ್. ಯಾರೂ ಏನೂ ಹೇಳದಿದ್ರೆ ಅದೇ ಅಂತ ತಗೊಳ್ತದೆ. ಹೆಚ್ಚಿನವರಿಗೆ ಶುಕ್ರವಾರವೇ ರಜೆ ಅಲ್ವಾ? ಪ್ರತಿಯೊಬ್ಬನಿಗೂ ಯಾಕೆ ಟೈಪ್ ಮಾಡ್ಬೇಕು?"

ನನಗೆ ಬಹಳ ಹಿಡಿಸಿತು. ಇನ್ನೊಂದು ನಿಯಮವನ್ನೂ ಹೇಳಿದಳು. ಡಿಫಾಲ್ಟ್ ಇಲ್ಲದ ಸಾಲುಗಳು ಮೊದಲು ಬರಬೇಕು, ಇರುವವು ನಂತರ. ಮಧ್ಯದಲ್ಲಿ ಬೆರೆಸಿದರೆ ಪ್ರೋಗ್ರಾಮ್ ಶುರುವೇ ಆಗುವುದಿಲ್ಲ. ಹೇಳಲೇಬೇಕಾದದ್ದು ಮೇಲೆ, ಹೇಳದಿದ್ದರೂ ನಡೆಯುವುದು ಕೆಳಗೆ. ಇಷ್ಟು ಶಿಸ್ತಿನ ವಸ್ತು ಕಂಪ್ಯೂಟರಿನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಮ್ಮ ವಾರ್ಡನ್ನರು ಬರೆದ ಹಾಗಿದೆ ಎಂದು ಅವಳಿಗೆ ಹೇಳಿದೆ.

ತೊಂದರೆ ಬಂದದ್ದು ಹಳೆಯ ಕಾರ್ಡುಗಳನ್ನು ಒಳಗೆ ತರುವಾಗ. ಕಾರ್ಡುಗಳನ್ನು ನೋಡಿ ಟೈಪ್ ಮಾಡುವ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದರು. ಅವರು ಕಂಡದ್ದನ್ನು ಟೈಪ್ ಮಾಡಿದ್ದರು, ಕಾಣದ್ದನ್ನು ಬಿಟ್ಟಿದ್ದರು. ತುರ್ತು ಸಂಪರ್ಕ ಎಂಬ ಮನೆ, ಅಂದರೆ ನೌಕರನಿಗೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದು, ಬಹಳ ಕಡೆ ಖಾಲಿ ಇತ್ತು. ಆ ಸಾಲಿಗೆ ಡಿಫಾಲ್ಟ್ ಇರಲಿಲ್ಲ. ಆದ್ದರಿಂದ ಅಂಥ ಒಂದೊಂದು ಕಾರ್ಡಿಗೂ ಪ್ರೋಗ್ರಾಮ್ ಅಡ್ಡ ನಿಂತು ತಕರಾರು ಮಾಡುತ್ತಿತ್ತು. ನೂರ ಹದಿನಾಲ್ಕು ತಕರಾರು. ಅಂದು ಗುರುವಾರ. ಭಾನುವಾರ ಬೆಳಗ್ಗೆ ಮ್ಯಾನೇಜರಿಗೆ ತೋರಿಸುವುದೆಂದು ನಾನೇ ಮಾತು ಕೊಟ್ಟಿದ್ದೆ.

"ಖಾಲಿ ಅಂತಲೇ ಡಿಫಾಲ್ಟ್ ಹಾಕುವ ಅಂಕಲ್. ಒಳಗೆ ಬರ್ತದೆ, ಆದ್ರೆ ಖಾಲಿ ಉಂಟು ಅಂತ ಕಾಣ್ತದೆ. ಆಮೇಲೆ ನಿಧಾನಕ್ಕೆ ಕೇಳಿ ತುಂಬಿಸುವ."

"ಖಾಲಿ ಬೇಡ. ಮ್ಯಾನೇಜರಿಗೆ ನೂರ ಹದಿನಾಲ್ಕು ಖಾಲಿ ಮನೆ ತೋರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಮತ್ತೆ ಎಂತ ಹಾಕುದು?"

"ನನ್ನ ನಂಬರ್ ಹಾಕು. ಎಂತ ಆದ್ರೂ ಮೊದಲು ನನಗೇ ಹೇಳ್ಬೇಕಲ್ಲ, ಅವರ ಸೂಪರ್‌ವೈಸರ್ ನಾನು."

"ಕೆಳಗೆ ಸಂಬಂಧ ಅಂತ ಇನ್ನೊಂದು ಉಂಟು. ಅದಕ್ಕೆ?"

"ಸಂಬಂಧಿಕ ಅಂತ ಹಾಕು. ಖಲಾಸ್."

ಅವಳು ಕೀಬೋರ್ಡಿನಿಂದ ಕೈ ತೆಗೆದಳು. "ಅಂಕಲ್, ಖಾಲಿ ಇದ್ರೆ ಯಾರಾದ್ರೂ ಕೇಳ್ತಾರೆ. ನಿಮ್ಮ ನಂಬರ್ ಇದ್ರೆ ಯಾರೂ ಕೇಳುದಿಲ್ಲ. ಅವರೇ ಕೊಟ್ಟದ್ದು ಅಂತ ತಿಳ್ಕೊಳ್ತಾರೆ."

"ಒಂದು ವಾರದಲ್ಲಿ ನಾನೇ ಎಲ್ಲರ ಹತ್ರ ಕೇಳಿ ತುಂಬಿಸ್ತೇನೆ. ನೀನು ಹಾಕು."

ಅವಳು ಆ ಎರಡು ಸಾಲುಗಳನ್ನು ಕೆಳಗೆ, ಡಿಫಾಲ್ಟ್ ಇರುವವುಗಳ ಕೊನೆಗೆ ಒಯ್ದು ನನ್ನ ನಂಬರು ಹಾಕಿದಳು. ನಂತರ ನಕ್ಕಳು. "ಆಯ್ತು. ಇವತ್ತಿನಿಂದ ನಿಮಗೆ ನೂರ ಹದಿನಾಲ್ಕು ಮಂದಿ ನೆಂಟರು. ಪೆರ್ನಾಳ್ ಹಬ್ಬಕ್ಕೆ ಎಲ್ರನ್ನೂ ಬಿರಿಯಾನಿಗೆ ಕರೀಬೇಕು ನೀವು."

"ನಾನು ಸಸ್ಯಾಹಾರಿ ಮಾರಾಯ್ತಿ."

"ನೆಂಟರು ಬಿಡ್ತಾರಾ?"

ನಾನೂ ನಕ್ಕೆ. ಭಾನುವಾರ ಮ್ಯಾನೇಜರ್ ಪಟ್ಟಿ ನೋಡಿ ಬೆನ್ನು ತಟ್ಟಿದರು. ಒಂದೂ ಮನೆ ಖಾಲಿ ಇರಲಿಲ್ಲ. ಆ ಒಂದು ವಾರ ಮಾತ್ರ ಬರಲೇ ಇಲ್ಲ. ಮೊದಲು ಒಂದು ಹಡಗು, ಆಮೇಲೆ ರಂಜಾನ್, ಆಮೇಲೆ ಬೇಸಿಗೆ. ಖಾಲಿ ಮನೆ ಕಣ್ಣಿಗೆ ಬಿದ್ದಿದ್ದರೆ ಮೂರು ದಿನ ನಿದ್ದೆ ಮಾಡದ ಮನುಷ್ಯ ನಾನು. ಕಣ್ಣಿಗೆ ಬೀಳಲು ಅಲ್ಲಿ ಏನೂ ಇರಲಿಲ್ಲ.

ಅಕ್ಟೋಬರಿನ ಒಂದು ಶುಕ್ರವಾರ. ಸಂಜೆ ನಾಲ್ಕಕ್ಕೆ ಫೋನ್ ಆನ್ ಮಾಡಿದೆ. ಒಂಬತ್ತು ಮಿಸ್ ಕಾಲ್. ಎಂಟು ಗೊತ್ತಿಲ್ಲದ ನಂಬರು, ಕೊನೆಯದು ನಮ್ಮ ಎಚ್‌ಆರ್ ವಿಭಾಗದ ಹೆಂಗಸಿನದು. ಅವರಿಗೆ ಫೋನ್ ಮಾಡಿದೆ. ನಮ್ಮ ಒಬ್ಬ ಫೋರ್ಕ್‌ಲಿಫ್ಟ್ ಚಾಲಕ ಬೆಳಗ್ಗೆ ಓವರ್‌ಟೈಮ್ ಕೆಲಸದಲ್ಲಿದ್ದಾಗ ಗೋದಾಮಿನಲ್ಲಿ ಕುಸಿದು ಬಿದ್ದಿದ್ದ. ಮೆದುಳಿಗೆ ರಕ್ತ ಹೋಗುವುದು ನಿಂತಿತ್ತಂತೆ. ಜೀವಕ್ಕೆ ಅಪಾಯವಿಲ್ಲ, ಆದರೆ ಬಲಗೈ ಎತ್ತಲಾಗದು, ಮಾತು ಹೊರಡದು. ಆಸ್ಪತ್ರೆಯವರು ಹತ್ತು ಗಂಟೆಯಿಂದ ಅವನ ಸಂಬಂಧಿಕರಿಗೆ ಫೋನ್ ಮಾಡುತ್ತಿದ್ದರು.

"ಸರ್, ಅವನ ತುರ್ತು ಸಂಪರ್ಕ ಅಂತ ನಿಮ್ಮ ನಂಬರ್ ತೋರಿಸ್ತಾ ಇದೆ," ಎಂದರು ಅವರು. "ಸಂಬಂಧಿಕ ಅಂತ ಇದೆ. ನೀವು ಅವನ ಸಂಬಂಧಿಕರಾ?"

ಆಗ ನೆನಪಾಯಿತು. ಆ ಗುರುವಾರ, ಹುಡುಗಿಯ ಕೈ ಕೀಬೋರ್ಡಿನಿಂದ ಮೇಲೆ ಬಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅಲ್ಲ, ಅದು ನಾನು ಹಾಕಿಸಿದ ನಂಬರು, ಅವನ ಮನೆಯವರು ಯಾರೆಂದು ನಮಗೆ ಗೊತ್ತಿಲ್ಲ, ಹುಡುಕಬೇಕು. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು.

"ಹೌದು," ಎಂದೆ. "ನಮ್ಮ ಊರ ಕಡೆಯವನು."

"ಹಾಗಾದ್ರೆ ಮನೆಯವರಿಗೆ ನೀವೇ ತಿಳಿಸ್ತೀರಲ್ಲ?"

"ತಿಳಿಸ್ತೇನೆ."

ಅವರು ಒಂದು ಉಸಿರು ಬಿಟ್ಟದ್ದು ಕೇಳಿಸಿತು. ಪಾಪ, ಅವರ ರಜೆಯೂ ಶುಕ್ರವಾರವೇ. ಮನೆಯವರಿಗೆ ತಿಳಿಸಲಾಗಿದೆ ಎಂದು ಬರೆದುಕೊಂಡು ಫೋನ್ ಇಟ್ಟರು.

ಚಾಲಕ ಹನ್ನೊಂದು ವರ್ಷದಿಂದ ನನ್ನ ಕೈಕೆಳಗಿದ್ದ. ಉಪ್ಪಿನಂಗಡಿ ಹತ್ತಿರದವನು, ಐವತ್ತು ದಾಟಿದ ಬ್ಯಾರಿ. ನನ್ನ ಹತ್ತಿರ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುತ್ತಿದ್ದ. ಅವನ ಲೈಸೆನ್ಸ್ ಯಾವ ತಿಂಗಳು ಮುಗಿಯುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಮನೆಯಲ್ಲಿ ಯಾರಿದ್ದಾರೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.

ಐದೂವರೆಗೆ ಆಸ್ಪತ್ರೆಯಲ್ಲಿದ್ದೆ. ನರ್ಸ್ ನನ್ನನ್ನು ನೋಡಿ, "ಸಂಬಂಧಿಕರಾ? ಅಂತೂ ಬಂದಿರಲ್ಲ," ಎಂದು ಒಳಗೆ ಬಿಟ್ಟಳು. ಅವನು ಎಚ್ಚರವಿದ್ದ. ಬಾಯಿಯ ಒಂದು ಕಡೆ ಕೆಳಗೆ ಎಳೆದಿತ್ತು. ನನ್ನನ್ನು ಕಂಡು ಎಡಗೈ ಎತ್ತಿ ಕಿವಿಯ ಹತ್ತಿರ ಇಟ್ಟ. ಫೋನ್ ಹಿಡಿದ ಹಾಗೆ. ಇಳಿಸಿದ, ಮತ್ತೆ ಎತ್ತಿದ. ಅವನ ಫೋನ್ ಗೋದಾಮಿನ ಲಾಕರಿನಲ್ಲಿ ಉಳಿದಿತ್ತು. ಗಂಟಲಿನಿಂದ ಏನೋ ಹೊರಟಿತು, ಆದರೆ ಅದು ಮಾತಾಗಲಿಲ್ಲ. ಕಣ್ಣುಗಳು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದವು.

ನಾನು ಅವನ ಕೈ ಹಿಡಿದು ಹೇಳಿದೆ, "ಎಲ್ಲ ಹೇಳಿದ್ದೇನೆ. ಮನೆಯವರಿಗೆ ಗೊತ್ತುಂಟು. ಬರ್ತಾರೆ. ನೀನು ಚಿಂತೆ ಮಾಡ್ಬೇಡ."

ಅವನು ಕೈ ಇಳಿಸಿದ. ಮುಖ ಸಡಿಲವಾಯಿತು. ತಲೆಯನ್ನು ಬಾಗಿಲ ಕಡೆಗೆ ಹೊರಳಿಸಿ ಮಲಗಿದ.

ಇದನ್ನು ನಾನು ಯಾಕೆ ಮಾಡಿದೆ ಎಂದು ಹೆಂಡತಿ ಆಮೇಲೆ ಕೇಳಿದಳು. ಅವನಿಗೆ ಸಮಾಧಾನವಾಗಲಿ ಎಂದು ಎಂದೆ. ಅದು ನಿಜವಲ್ಲ. ಅವನ ಕಣ್ಣು ನನ್ನ ಮೇಲಿಂದ ಸರಿಯಲಿ ಎಂದು ಹಾಗೆ ಹೇಳಿದ್ದೆ. ಸರಿಯಿತು.

ಕಾರಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹಳೆಯ ಕಾರ್ಡು ಆಫೀಸಿನ ಕಬ್ಬಿಣದ ಕಪಾಟಿನಲ್ಲಿದೆ. ಬೀಗದ ಕೈ ಎಚ್‌ಆರ್ ಹೆಂಗಸಿನ ಹತ್ತಿರ. ಕೇಳಿದರೆ ಯಾಕೆ ಎನ್ನುತ್ತಾರೆ. ಅವನು ಇದ್ದ ಕಾರ್ಮಿಕರ ಕ್ಯಾಂಪಿಗೆ ಫೋನ್ ಮಾಡಿ ಅವನ ಕೋಣೆಯವರನ್ನು ಕೇಳಬಹುದು. ಆದರೆ ಸಂಬಂಧಿಕನೆಂದು ಒಪ್ಪಿಕೊಂಡವನು ಅವನ ಮನೆಯವರು ಯಾರು ಎಂದು ಹೇಗೆ ಕೇಳುವುದು? ಭಾನುವಾರ ಬೆಳಗ್ಗೆ ಕಪಾಟು ತೆರೆಯುತ್ತಾರೆ, ಯಾರಿಗೂ ತಿಳಿಯದ ಹಾಗೆ ಕಾರ್ಡು ನೋಡಿದರಾಯಿತು. ಹೀಗೆ ಕ್ರಮವಾಗಿ ಯೋಚಿಸಿದೆ. ನನ್ನ ತಲೆ ಅಂದೂ ಕ್ರಮವಾಗಿಯೇ ಓಡಿತು.

ಶನಿವಾರ ನಾನು ಎಂದಿನ ಕೆಲಸ ಮಾಡಿದೆ. ಏಳಕ್ಕೆ ತರಕಾರಿ ತಂದೆ. ಎಂಟೂವರೆಗೆ ಆರು ಅಂಗಿ ಇಸ್ತ್ರಿ ಹಾಕಿದೆ. ಹೆಂಡತಿ ಚಹಾ ತಂದು ಇಟ್ಟು, "ಆ ಹುಷಾರಿಲ್ಲದವನ ಮನೆಯವರು ಬಂದ್ರಾ?" ಎಂದಳು.

"ಬರ್ತಾರೆ."

"ಅಂದ್ರೆ ಬರ್ಲಿಲ್ಲ. ನೀವಾದ್ರೂ ಒಮ್ಮೆ ಹೋಗಿ ಬನ್ನಿ."

"ಕೆಲಸ ಉಂಟು," ಎಂದೆ. ಕೈಯಲ್ಲಿದ್ದದ್ದು ಐದನೆಯ ಅಂಗಿ. ಆ ಅಂಗಿಗಳನ್ನು ಈಗಲೂ ಹಾಕುತ್ತೇನೆ. ಇಸ್ತ್ರಿ ಪೆಟ್ಟಿಗೆ ಹಿಡಿದಾಗಲೆಲ್ಲ ಆಸ್ಪತ್ರೆಯ ಆ ಬಾಗಿಲು ನೆನಪಾಗುತ್ತದೆ.

ಭಾನುವಾರ ಆರಕ್ಕೆ ಮೊದಲೇ ಆಫೀಸಿನಲ್ಲಿದ್ದೆ. ಕಪಾಟು ತೆರೆದ ಕೂಡಲೇ ಅವನ ಕಾರ್ಡು ತೆಗೆದೆ. ತುರ್ತು ಸಂಪರ್ಕದ ಮನೆಯಲ್ಲಿ ಒಂದು ಬಾಣದ ಗುರುತು ಮಾತ್ರ. ಮನೆ ಚಿಕ್ಕದಾಗಿತ್ತು, ಅವನ ಅಕ್ಷರ ದೊಡ್ಡದು. ಕಾರ್ಡಿನ ಹಿಂಬದಿ ತಿರುಗಿಸಿದೆ. ಅಲ್ಲಿ ಪೆನ್ಸಿಲಿನಲ್ಲಿ, ಶಾಲೆಯಲ್ಲಿ ಕಲಿತ ಉರುಟು ಕನ್ನಡದಲ್ಲಿ ಬರೆದಿತ್ತು: ನನ್ನ ತಮ್ಮ. ಅಲ್ ಶಮಾಲ್ ಪೇಟೆ. ಬಕಾಲ ಅಂಗಡಿಯಲ್ಲಿ ಕೆಲಸ. ಕೆಳಗೆ ಫೋನ್ ನಂಬರು, ಅದೂ ಕನ್ನಡದ ಅಂಕಿಗಳಲ್ಲಿ.

ಟೈಪ್ ಮಾಡಿದವರಿಗೆ ಅದು ಗೀಚಿದ ಗೆರೆಗಳ ಹಾಗೆ ಕಂಡಿರಬೇಕು. ಬಿಟ್ಟಿದ್ದರು. ಅವರ ತಪ್ಪಲ್ಲ. ಆ ಇಡೀ ಆಫೀಸಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಮನೆ ಖಾಲಿ ಉಳಿದಿದ್ದರೆ, ಏಳು ತಿಂಗಳ ಹಿಂದೆಯೇ ನಾನು ಆ ಕಾರ್ಡನ್ನು ತಿರುಗಿಸಿ ನೋಡುತ್ತಿದ್ದೆ.

ಫೋನ್ ಮಾಡಿದೆ. ಮೊದಲ ರಿಂಗಿಗೇ ತಮ್ಮ ಎತ್ತಿದ. ನಾನು ಯಾರೆಂದು ಹೇಳಿ ಮುಗಿಸುವ ಮೊದಲೇ, "ಅಣ್ಣನಿಗೆ ಎಂತ ಆಗಿದೆ ಸಾರ್?" ಎಂದ. ಶುಕ್ರವಾರ ಜುಮಾ ನಮಾಜು ಮುಗಿಸಿ ಇಬ್ಬರೂ ಫೋನಿನಲ್ಲಿ ಮಾತಾಡುವುದು ಪದ್ಧತಿ. ಅಣ್ಣ ಎತ್ತಲಿಲ್ಲ. ಎರಡು ದಿನದಿಂದ ಎತ್ತುತ್ತಿಲ್ಲ. ಊರಿನಿಂದ ಅತ್ತಿಗೆ ಅಳುತ್ತಿದ್ದಾಳೆ. ಇಂದು ಅಂಗಡಿಯ ಸೇಠಿನ ಹತ್ತಿರ ರಜೆ ಕೇಳಿ, ಗೋದಾಮಿಗೇ ಬರಲು ಹೊರಟು ನಿಂತಿದ್ದ.

ಒಂದೂಕಾಲು ಗಂಟೆಯಲ್ಲಿ ಅವನು ಆಸ್ಪತ್ರೆಗೆ ಬಂದ. ಕತಾರಿನ ಆ ತುದಿಯಿಂದ ಈ ತುದಿಗೆ ಇಷ್ಟೇ ದೂರ. ಶುಕ್ರವಾರ ಹತ್ತು ಗಂಟೆಗೆ ಒಂದು ಕರೆ ಹೋಗಿದ್ದರೆ ಹನ್ನೊಂದೂಕಾಲಿಗೆ ಅಣ್ಣನ ಪಕ್ಕದಲ್ಲಿರುತ್ತಿದ್ದ.

ನಾನು ಬಾಗಿಲಲ್ಲೇ ನಿಂತೆ. ತಮ್ಮ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಮಲಗಿದವನು ಎಡಗೈಯಿಂದ ಅವನ ಅಂಗಿ ಹಿಡಿದುಕೊಂಡ. ಬಿಡಲಿಲ್ಲ. ಎರಡು ದಿನದಿಂದ ಈತ ಊಟ ಸರಿಯಾಗಿ ಮಾಡಿಲ್ಲ, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಾನೆ ಎಂದು ನರ್ಸ್ ನನಗೆ ಹೇಳಿದಳು. ನಾನು ಸಂಬಂಧಿಕನಲ್ಲವೇ, ಅದಕ್ಕೆ ಹೇಳಿದಳು.

ಆಮೇಲೆ ಕೆಳಗೆ ಕ್ಯಾಂಟೀನಿನಲ್ಲಿ ಎರಡು ಕರಕ್ ಚಹಾ ತೆಗೆದುಕೊಂಡು ಕುಳಿತೆವು. ತಮ್ಮ ಚಹಾ ಮುಟ್ಟದೆ ಹೇಳಿದ, "ನಿಮ್ಮ ಉಪಕಾರ ದೊಡ್ಡದು ಸಾರ್. ಆಸ್ಪತ್ರೆಯವರು ಹೇಳಿದ್ರು, ಸಂಬಂಧಿಕ ಅಂತ ನಿಮ್ಮ ನಂಬರೇ ಕೊಟ್ಟಿದ್ದಾನಂತೆ. ನನ್ನದು ಕೊಡದೆ ನಿಮ್ಮದು ಕೊಟ್ಟಿದ್ದಾನೆ ಅಂದ್ರೆ ಅಣ್ಣನಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇರ್ಬೇಕು ನೋಡಿ."

ಅವನ ದನಿಯಲ್ಲಿ ಸ್ವಲ್ಪ ನೋವೂ ಇತ್ತು. ಅಣ್ಣ ತನ್ನನ್ನು ಬಿಟ್ಟು ಬೇರೆಯವರನ್ನು ಹೇಳಿದನಲ್ಲ ಎಂದು. ಅದನ್ನು ಕೇಳಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ಹೇಳಿದೆ. ಅವನು ಕೊಟ್ಟದ್ದು ನಿಮ್ಮ ನಂಬರೇ, ಹನ್ನೊಂದು ವರ್ಷದ ಹಿಂದೆ, ಕೈಯಾರೆ ಬರೆದು. ನನ್ನದನ್ನು ನಾನು ಹಾಕಿಸಿದ್ದು. ಖಾಲಿ ಕಾಣಬಾರದೆಂದು. ಶುಕ್ರವಾರ ಕೇಳಿದವರಿಗೆ ಹೌದು ಎಂದೆ. ಅಣ್ಣನಿಗೂ ಸುಳ್ಳು ಹೇಳಿದೆ. ಇಷ್ಟನ್ನೂ ಒಂದರ ಹಿಂದೆ ಒಂದರಂತೆ, ವರದಿ ಒಪ್ಪಿಸುವ ಹಾಗೆ ಹೇಳಿದೆ. ನನಗೆ ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ.

ಅವನು ಸಿಟ್ಟಾಗಲಿಲ್ಲ. ಚಹಾದ ಲೋಟವನ್ನು ಬದಿಗೆ ಸರಿಸಿದ.

"ಹಾಗಾದ್ರೆ ನಿನ್ನೆ ಅವನ ಹತ್ರ ಯಾರಿದ್ರು ಸಾರ್?"

"ಯಾರೂ ಇರ್ಲಿಲ್ಲ."

"ನೀವು?"

"ನಾನೂ ಇರ್ಲಿಲ್ಲ."

ಅವನು ಎದ್ದು ಮೇಲೆ ಹೋದ. ಚಹಾ ಹಾಗೆಯೇ ಉಳಿಯಿತು.

ಎಚ್‌ಆರ್‌ನವರಿಗೂ ಅಂದೇ ಎಲ್ಲ ಹೇಳಿದೆ. ಮೆಮೊ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸಿಸ್ಟಮಿನ ತಪ್ಪು ಎಂದು ಒಂದು ಸಾಲು ಬರೆದು ಕಡತ ಮುಚ್ಚಿದರು. ಸಿಸ್ಟಮ್ ಎಂದರೆ ನಾನು ಎಂದು ಹೇಳಲು ಮತ್ತೆ ಹೋದೆ. "ಬಿಡಿ ಸರ್, ನಿಮ್ಮ ಉದ್ದೇಶ ಒಳ್ಳೆಯದೇ ಇತ್ತು," ಎಂದರು. ಒಳ್ಳೆಯ ಉದ್ದೇಶ ನನಗೆ ಯಾವ ದಿನ ಇತ್ತು ಎಂದು ಹುಡುಕಿದೆ. ಗುರುವಾರ ಇರಲಿಲ್ಲ. ಶುಕ್ರವಾರವಂತೂ ಇರಲಿಲ್ಲ.

ಹುಡುಗಿಯ ಹತ್ತಿರ ಹೋಗಿ ನಿಂತೆ. ಆಗಲೇ ಅವಳಿಗೆ ಸುದ್ದಿ ತಿಳಿದಿತ್ತು. "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಅವಳು ಕೇಳಲಿ ಎಂದುಕೊಂಡೆ. ಕೇಳಲಿಲ್ಲ.

"ಆ ಡಿಫಾಲ್ಟ್ ತೆಗಿ," ಎಂದೆ.

ಅವಳು ಸಮ ಚಿಹ್ನೆಯಿಂದ ಆಚೆ ಇದ್ದದ್ದನ್ನು ಅಳಿಸಿದಳು. ನನ್ನ ನಂಬರು ಒಂದೊಂದೇ ಅಂಕಿಯಾಗಿ ಹೋಯಿತು. ಪ್ರೋಗ್ರಾಮ್ ಓಡಿಸಿದರೆ ಓಡಲಿಲ್ಲ. ಕೆಂಪು ಅಕ್ಷರದ ತಕರಾರು ಬಂತು. ಡಿಫಾಲ್ಟ್ ಇಲ್ಲದ ಸಾಲು ಇರುವವುಗಳ ಕೆಳಗೆ ಇರಬಾರದಲ್ಲ.

"ಬೇರೆ ಉಪಾಯವೂ ಉಂಟು ಅಂಕಲ್. ಆದ್ರೆ ಮೇಲೆ ತರುದೇ ಚಂದ." ಅವಳು ಆ ಸಾಲನ್ನು ಎತ್ತಿ ಮೇಲೆ ತಂದಳು. ಪಾಳಿ, ವಾರದ ರಜೆ, ಊಟ ಎಲ್ಲವನ್ನೂ ದಾಟಿ, ಹೆಸರು ಮತ್ತು ನೌಕರ ಸಂಖ್ಯೆಯ ಕೆಳಗೆ ಇಟ್ಟಳು. ಸಂಬಂಧ ಎಂಬ ಸಾಲಿನ ಡಿಫಾಲ್ಟನ್ನೂ ಅಳಿಸಿ ಅದರ ಬೆನ್ನಿಗೇ ತಂದಳು. ಪ್ರೋಗ್ರಾಮ್ ಓಡಿತು. ಮನುಷ್ಯನ ಹೆಸರು, ನಂತರ ಅವನಿಗಾಗಿ ಯಾರು ಬರುತ್ತಾರೆ ಎಂಬುದು, ಉಳಿದದ್ದೆಲ್ಲ ಆಮೇಲೆ. ಮೊದಲ ದಿನವೇ ಇರಬೇಕಾದ ಕ್ರಮ ಅದು. ಕ್ರಮದ ಮನುಷ್ಯನಾದ ನಾನೇ ಅದನ್ನು ಕೆಳಗೆ ಇಳಿಸಿದ್ದೆ.

ಇನ್ನು ಹಳೆಯ ಕಾರ್ಡುಗಳು. ನನ್ನ ನಂಬರು ಇರುವುದನ್ನೆಲ್ಲ ಹೆಕ್ಕಿ ಖಾಲಿ ಮಾಡಬೇಕು. ಅವಳು ಬೆರಳು ನಿಲ್ಲಿಸಿ ಕೇಳಿದಳು, "ಒಂದು ಪ್ರಶ್ನೆ. ಇದರಲ್ಲಿ ಯಾರಾದ್ರೂ ನಿಜವಾಗಿ ನಿಮ್ಮ ನಂಬರ್ ಕೊಟ್ಟವರಿದ್ರೆ? ನೋಡ್ಲಿಕ್ಕೆ ಎರಡೂ ಒಂದೇ ಕಾಣ್ತದೆ. ಅವರದ್ದೂ ಅಳಿಸಿ ಹೋಗ್ತದೆ."

"ಅಂಥವರು ಯಾರೂ ಇಲ್ಲ," ಎಂದೆ.

ಅವಳು ನನ್ನ ಮುಖ ನೋಡಿ ಪಟ್ಟಿ ತೆರೆದಳು. ಒಂದು ಹೆಸರಿನ ಹತ್ತಿರ ನಿಂತು ಮೆಲ್ಲನೆ, "ಅಂಕಲ್, ಇದು ನೀವೇ," ಎಂದಳು.

ಹೌದು. ನೂರ ಹದಿನಾಲ್ಕರಲ್ಲಿ ಒಬ್ಬ ನಾನೇ. ನಾನು ಸೇರಿದಾಗ ಬೇರೆ ಯಾರೋ ತುಂಬಿಸಿದ ನನ್ನ ಕಾರ್ಡಿನಲ್ಲೂ ಆ ಮನೆ ಖಾಲಿ ಇತ್ತು. ನಾನೇ ನನ್ನ ಸಂಬಂಧಿಕನಾಗಿದ್ದೆ.

"ನಿಮಗೆ ಎಂತ ಆದ್ರೂ ನಿಮಗೇ ಫೋನ್ ಬರ್ತಿತ್ತು," ಎಂದಳು. "ಅದೂ ಶುಕ್ರವಾರ ಆಗಿದ್ರೆ ಅದೂ ಇಲ್ಲ." ನಗುವಿಗೆ ಹೇಳಿದ ಮಾತು. ಇಬ್ಬರೂ ನಗಲಿಲ್ಲ. ಹೆಂಡತಿಯ ನಂಬರು ಕೊಟ್ಟೆ. ಪಟ್ಟಿಯಲ್ಲಿ ತುಂಬಿದ ಮೊದಲ ಮನೆ ಅದು.

ಉಳಿದವರನ್ನು ಪಾಳಿ ಶುರುವಾಗುವ ಮೊದಲು ಒಬ್ಬೊಬ್ಬರನ್ನಾಗಿ ಕೇಳಿದೆ. ಹದಿನಾರು ದಿನದ ಬೆಳಗು ಹಿಡಿಯಿತು. ಹೆಂಡತಿ, ಚಿಕ್ಕಪ್ಪ, ಕ್ಯಾಂಪಿನ ಪಕ್ಕದ ಮಂಚದವನು, ಊರಿನ ಮದರಸಾದ ಉಸ್ತಾದರು, ಪಕ್ಕದ ಮನೆಯ ಟೀಚರಮ್ಮ. ಒಬ್ಬ ನೇಪಾಳಿ ಬಹಳ ಯೋಚಿಸಿ ತನ್ನ ಮೊದಲ ಕಂಪನಿಯ ಅಡುಗೆಯವನ ನಂಬರು ಕೊಟ್ಟ. ನನ್ನ ನಂಬರನ್ನು ಯಾರೂ ಕೊಡಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು, ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು.

ಕೊನೆಗೆ ಒಂದೇ ಕಾರ್ಡು ಉಳಿಯಿತು. ಚಾಲಕನದ್ದು. ತಮ್ಮನ ನಂಬರು ನನಗೆ ಗೊತ್ತಿತ್ತು, ನಾನೇ ತುಂಬಿಸಬಹುದಿತ್ತು. ತುಂಬಿಸಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಅಲ್ ಶಮಾಲ್‌ನಲ್ಲಿ ತಮ್ಮನ ಕೋಣೆಯಲ್ಲಿದ್ದ. ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳಿದ ಮೇಲೆ ಊರಿಗೆ ಹೋಗುವವನು. ಒಂದು ಶುಕ್ರವಾರ ಬೆಳಗ್ಗೆ ಅಲ್ಲಿಗೆ ಹೋದೆ. ಫೋನ್ ಆನ್ ಇತ್ತು.

ಬಕಾಲದ ಹಿಂದಿನ ಕೋಣೆ. ತಮ್ಮ ಬಾಗಿಲು ತೆರೆದು, "ಬನ್ನಿ ಸಾರ್," ಎಂದಷ್ಟೇ ಹೇಳಿ ಅಂಗಡಿಗೆ ಹೋದ. ಚಾಲಕ ಕುರ್ಚಿಯಲ್ಲಿ ಕುಳಿತಿದ್ದ. ಬಲಗೈ ತೊಡೆಯ ಮೇಲಿತ್ತು. ಮಾತು ಮರಳಿತ್ತು, ಆದರೆ ಒಂದೊಂದೇ ಪದ, ಭಾರ ಎತ್ತಿ ಇಟ್ಟ ಹಾಗೆ.

ನಾನು ಎದುರಿನ ಮಂಚದಲ್ಲಿ ಕುಳಿತು ಎಲ್ಲವನ್ನೂ ಮತ್ತೆ ಹೇಳಿದೆ. ಆ ಶುಕ್ರವಾರ ನಿನಗೆ ಹೇಳಿದ್ದು ಸುಳ್ಳು, ಆಗ ನಾನು ಯಾರಿಗೂ ಹೇಳಿರಲಿಲ್ಲ ಎಂದೆ.

"ಗೊತ್ತಾಯ್ತು," ಎಂದ. "ಶನಿವಾರ. ಮಧ್ಯಾಹ್ನಕ್ಕೆ."

"ಹೇಗೆ?"

"ತಮ್ಮ. ಗೊತ್ತಿದ್ರೆ. ಬಾರದೆ ಇರುವವನಲ್ಲ." ಸ್ವಲ್ಪ ನಿಂತು ಉಸಿರು ತೆಗೆದುಕೊಂಡ. "ಆದ್ರೂ ನೋಡ್ತಿದ್ದೆ. ಬಾಗಿಲು."

ತಂದಿದ್ದ ಹಾಳೆ ತೆಗೆದೆ. ತುರ್ತು ಸಂಪರ್ಕ ಯಾರು ಎಂದು ಕೇಳಿದೆ. ತಮ್ಮನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಬರೆದೆ, ಓದಿ ಹೇಳಿದೆ, ತಲೆಯಾಡಿಸಿದ. ಸಂಬಂಧ ಏನೆಂದು ಕೇಳಿದೆ. ತಮ್ಮ ಎಂದ. ಅದನ್ನೂ ಬರೆದೆ.

ಹುಡುಗಿ ಹೊಸದಾಗಿ ಎರಡನೆಯ ಸಂಪರ್ಕ ಎಂಬ ಒಂದು ಮನೆ ಸೇರಿಸಿದ್ದಳು. ಬೇಕಿದ್ದರೆ ತುಂಬಿಸುವುದು, ಇಲ್ಲದಿದ್ದರೆ ಇಲ್ಲ. ಅದರ ಡಿಫಾಲ್ಟ್ ಖಾಲಿ. ಪೆನ್ನನ್ನು ಆ ಮನೆಯ ಮೇಲೆ ಹಿಡಿದು ಅವನ ಮುಖ ನೋಡಿದೆ. ಅವನು ನನ್ನ ನಂಬರು ಹೇಳಿದರೆ, ಎಂಬ ಒಂದು ಆಸೆ ಆ ಕ್ಷಣ ನನ್ನಲ್ಲಿತ್ತು. ಈ ಬರಹದಲ್ಲಿ ಅದನ್ನೂ ಬರೆಯಬೇಕು.

ಅವನಿಗೆ ಅದು ಕಂಡಿತು. ಹನ್ನೊಂದು ವರ್ಷ ನನ್ನ ಮುಖ ಓದಿ ಕೆಲಸ ಮಾಡಿದವನು.

"ಅದು ಖಾಲಿ ಇರ್ಲಿ ಸಾರ್," ಎಂದ.

ಖಾಲಿ ಬಿಟ್ಟೆ. ಹಾಳೆಯನ್ನು ಮಡಚದೆ ಕಡತದಲ್ಲಿಟ್ಟೆ. ಭಾನುವಾರ ಆರು ಗಂಟೆಗೆ ಅದನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿದೆ.